ಕಂದಾಯದ ಅಧಿಕಾರಿ ರಮೇಶಚಂದ್ರ ದತ್ತರು

1868ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ಕಲ್ಕತ್ತೆಯಿಂದ ವಿಲಾಯಿತಿಗೆ ಹೊರಟ ಹಡಗಿನಲ್ಲಿ ಮೂವರು ಬಂಗಾಳಿ ತರುಣರಿದ್ದರು: ಸುರೇಂದ್ರನಾಥ ಬ್ಯಾನರ್ಜಿ, ಬಿಹಾರಿಲಾಲ ಗುಪ್ತ, ರಮೇಶಚಂದ್ರ ದತ್ತ. ಸಮುದ್ರಯಾನ ಮಾಡಿದವನಿಗೆ ಬಹಿಷ್ಕಾರದ ಭಯವಿದ್ದ ಕಾಲವದು. ತಂದೆಯನ್ನು ಬಾಲ್ಯದಲ್ಲಿಯೇ ಕಳೆದುಕೊಂಡಿದ್ದ ದತ್ತರು ಮನೆಯ ಹಿರಿಯರಿಗೆ ತಿಳಿಸದೆಯೇ ಹೊರಟಿದ್ದರು. ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಮರುವರ್ಷ ಐ.ಸಿ.ಎಸ್. ಪರೀಕ್ಷೆಯಲ್ಲಿ ಅವರಿಗೆ ಮೂರನೆಯ ಸ್ಥಾನ ದೊರೆಯಿತು.

1871ರಲ್ಲಿ ಸ್ವದೇಶಕ್ಕೆ ಮರಳಿ ಅಧಿಕಾರ ವಹಿಸಿಕೊಂಡ ದತ್ತರಿಗೆ ಗ್ರಾಮಗಳ ನಿಜವಾದ ಮುಖ ಕಂಡದ್ದು ಸಂಕಟದ ದಿನಗಳಲ್ಲಿ. 1874ರಲ್ಲಿ ನದಿಯಾ ಜಿಲ್ಲೆಯ ಮೆಹರ್‌ಪುರದಲ್ಲಿ ಕ್ಷಾಮ ಪರಿಹಾರದ ಕಾರ್ಯ. 1876ರಲ್ಲಿ ಮೇಘನಾ ನದಿಯ ಮುಖದಲ್ಲಿರುವ ದಕ್ಷಿಣ ಶಹಬಾಜಪುರ ದ್ವೀಪವನ್ನು ಚಂಡಮಾರುತವೂ ಸಮುದ್ರದ ಅಲೆಯೂ ಒಂದೇ ರಾತ್ರಿಯಲ್ಲಿ ಕೊಚ್ಚಿಹಾಕಿದವು. ಉಳಿದವರನ್ನು ಕಾಲರಾ ಹಿಡಿಯಿತು. ಅಲ್ಲಿಗೆ ಕಳುಹಿಸಲ್ಪಟ್ಟ ಅಧಿಕಾರಿ ದತ್ತರೇ.

ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಈ ತರುಣನನ್ನು ಬಂಗಾಳಿಗೆ ತಿರುಗಿಸಿದವರು ಬಂಕಿಮಚಂದ್ರರು. ಶೈಲಿ ತನಗೆ ತಿಳಿಯದೆಂದು ದತ್ತರು ಹಿಂಜರಿದಾಗ, ವಿದ್ಯಾವಂತರು ಬರೆದದ್ದೇ ಶೈಲಿಯಾಗುವುದೆಂದು ಧೈರ್ಯ ಹೇಳಿದರಂತೆ. ಕಾದಂಬರಿಗಳು ಬಂದವು, ಸಂಪ್ರದಾಯಸ್ಥರ ಕೋಪಕ್ಕೂ ಅಂಜದೆ ಮಾಡಿದ ಋಗ್ವೇದದ ಬಂಗಾಳಿ ಅನುವಾದವೂ ಬಂದಿತು. ಕಚೇರಿಯ ಕಡತಗಳ ನಡುವೆ ಇದಕ್ಕೆಲ್ಲ ಬಿಡುವು ಎಲ್ಲಿತ್ತೋ!

1894ರಲ್ಲಿ ಬರ್ದ್ವಾನಿನ ಹಂಗಾಮಿ ಕಮಿಷನರಾದರು. ವಿಭಾಗವೊಂದರ ಕಮಿಷನರ್ ಹುದ್ದೆಗೇರಿದ ಮೊದಲ ಭಾರತೀಯರು ಅವರು. ಆದರೆ 1897ರಲ್ಲಿ, ಐವತ್ತು ತುಂಬುವ ಮೊದಲೇ, ನಿವೃತ್ತಿ ಪಡೆದರು. ಸರ್ಕಾರದ ಅನ್ನ ಉಣ್ಣುತ್ತಿರುವಾಗ ಆಡಲಾಗದ ಮಾತೊಂದು ಅವರ ಮನಸ್ಸಿನಲ್ಲಿತ್ತು ಎಂದು ಮುಂದಿನ ಬರಹಗಳಿಂದ ಊಹಿಸಬಹುದು.

1900ರಲ್ಲಿ ಅವರು ಲಾರ್ಡ್ ಕರ್ಜನ್ನನಿಗೆ ಬಹಿರಂಗ ಪತ್ರಗಳನ್ನು ಬರೆದರು. ಕ್ಷಾಮಕ್ಕೆ ಮಳೆಯೊಂದೇ ಕಾರಣವಲ್ಲ. ಮಿತಿಮೀರಿದ, ಅನಿಶ್ಚಿತವಾದ ಭೂಕಂದಾಯ ರೈತನ ಬಳಿ ಕೂಡಿಟ್ಟ ಕಾಳನ್ನು ಉಳಿಸಗೊಡುವುದಿಲ್ಲ ಎಂಬುದು ಅವರ ವಾದ. ಬಂಗಾಳದ ಖಾಯಂ ಕಂದಾಯ ಪದ್ಧತಿಯನ್ನು ಅವರು ಹೊಗಳಿದ್ದು ಮಾತ್ರ ಚರ್ಚಾಸ್ಪದ. ಅಲ್ಲಿನ ಜಮೀನ್ದಾರರ ಕೈಯಲ್ಲಿ ರೈತರು ಪಟ್ಟ ಪಾಡನ್ನು ಅವರೇ 1874ರಲ್ಲಿ ಬರೆದಿದ್ದರಲ್ಲವೆ? 1902ರಲ್ಲಿ ಸರ್ಕಾರ ದೀರ್ಘ ನಿರ್ಣಯವೊಂದನ್ನು ಹೊರಡಿಸಿ ತನ್ನ ನೀತಿಯನ್ನು ಸಮರ್ಥಿಸಿಕೊಂಡಿತು. ಅದೇ ವರ್ಷ ದತ್ತರ ಭಾರತದ ಆರ್ಥಿಕ ಇತಿಹಾಸದ ಮೊದಲ ಸಂಪುಟ ಹೊರಬಿದ್ದಿತು, 1904ರಲ್ಲಿ ಎರಡನೆಯದು. ಸರ್ಕಾರವನ್ನು ಕಟಕಟೆಗೆ ನಿಲ್ಲಿಸಲು ಅವರು ಬಳಸಿದ ಸಾಕ್ಷ್ಯವೆಂದರೆ ಸರ್ಕಾರದ್ದೇ ವರದಿಗಳು, ಸರ್ಕಾರದ್ದೇ ಅಂಕಿಗಳು.

1904ರಲ್ಲಿ ಬರೋಡೆಯ ಗಾಯಕವಾಡರು ಅವರನ್ನು ಕಂದಾಯ ಮಂತ್ರಿಯಾಗಿ ಕರೆಸಿಕೊಂಡರು. ಬರೆದದ್ದನ್ನು ಮಾಡಿ ತೋರಿಸುವ ಅವಕಾಶ ಕೊನೆಗೂ ಒದಗಿತು. ತೆರಿಗೆಯ ಹೊರೆ ತಗ್ಗಿಸುವ ಕೆಲಸಕ್ಕೆ ಕೈಹಾಕಿದರು. 1909ರಲ್ಲಿ ದಿವಾನರಾದರು. ಅದೇ ವರ್ಷ ನವೆಂಬರ್ 30ರಂದು, ಅಧಿಕಾರದಲ್ಲಿದ್ದಾಗಲೇ, ಬರೋಡೆಯಲ್ಲಿ ತೀರಿಕೊಂಡರು.