ಇದೊಂದು ಚಟಾನೂ ಜೋಳಿಗೆಗೆ ಹಾಕ್ರಿ

ಇಳಕಲ್ಲಿನ ಯಾವುದಾದರೂ ಓಣಿಯಲ್ಲಿ ಬಲ್ಬು ಬದಲಿಸಲು ಸ್ಟೂಲು ಹತ್ತಿದ ಗಂಡಸಿಗೆ "ಮೊದಲು ಮೇನ್ ಬಂದ್ ಮಾಡ್ರಿ" ಅಂತ ಹೇಳಿ ನೋಡಿ. ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾರೆ. ನಂತರ ಒಂದೇ ಮಾತು: "ಏನಾಗಂಗಿಲ್ಲ ಬಿಡೋ."

ಈ "ಏನಾಗಂಗಿಲ್ಲ" ಅನ್ನೋ ಮಾತಿನ ಮೇಲೆ ನನಗೆ ಹಳೆಯ ಸಿಟ್ಟಿದೆ. ಇವತ್ತು ಬರೆದೇ ಬಿಡುತ್ತೇನೆ.

ನನ್ನ ಸೋದರಮಾವನ ಮನೆ ಮುಂದೆ ಸಣ್ಣ ಸೀರೆ ಅಂಗಡಿ, ಹಿಂದೆ ಕುಣಿ ಮಗ್ಗ. ಟೋಪ ತೆನಿ ಸೆರಗು ಹೊಳೆಯಲಿ ಅಂತ ಅಂಗಡಿಯ ಸೀಲಿಂಗಿಗೆ ಹ್ಯಾಲೋಜನ್ ದೀಪ ಹಾಕಿಸಿದ್ದರು. ಒಂದು ದಿನ ಅದರಲ್ಲೊಂದು ಹೋಯಿತು. ಹೊಸದು ಹಾಕಿದರೂ ಹತ್ತಲಿಲ್ಲ, ಹೋಲ್ಡರೇ ಸುಟ್ಟಿತ್ತು. ಮಾವ ಸ್ಟೂಲು ಹತ್ತಿ, ಟೆಸ್ಟರಿನಿಂದ ಕನೆಕ್ಟರಿನ ತಿರುಪು ಬಿಚ್ಚತೊಡಗಿದರು. "ಮೇನ್ ಬಂದ್ ಮಾಡೀರೇನ್ ಮಾವಾ?" ಅಂದೆ. "ಸ್ವಿಚ್ ಬಂದ್ ಮಾಡೀನಲ್ಲೋ ತಮ್ಮಾ, ಏನಾಗಂಗಿಲ್ಲ" ಅಂದರು. ಮರುಕ್ಷಣ ಚೀರಿಕೊಂಡು ಕೆಳಗೆ ಬಿದ್ದರು.

ಜೀವ ಉಳಿಯಿತು. ಬಲಗೈ ಮಣಿಕಟ್ಟು ಮುರಿಯಿತು. ನೇಕಾರನಿಗೆ ಬಲಗೈ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮೂರು ತಿಂಗಳು ಮಗ್ಗ ನಿಂತಿತು, ಮನೆ ಸಾಲದ ಮೇಲೆ ನಡೆಯಿತು. ಅಷ್ಟಕ್ಕೂ ಉಳಿಸಬೇಕೆಂದಿದ್ದದ್ದು ಏನು? ಮೇನ್ ತನಕ ಹೋಗಿ ಬರುವ ಹತ್ತು ಹೆಜ್ಜೆ!

ಸ್ವಿಚ್ ನಿಜವಾಗಿಯೂ ಬಂದ್ ಇತ್ತು. ಹಾಗಾದರೆ ಕರೆಂಟು ಎಲ್ಲಿಂದ ಬಂತು? ನಮ್ಮ ಎಷ್ಟೋ ಹಳೆ ಮನೆಗಳಲ್ಲಿ ಒಂದೇ ಬಣ್ಣದ ವಾಯರ್ ಎಳೆದು, ಸ್ವಿಚ್ಚನ್ನು ಫೇಸಿಗೆ ಹಾಕುವ ಬದಲು ನ್ಯೂಟ್ರಲ್‌ಗೆ ಹಾಕಿಬಿಟ್ಟಿರುತ್ತಾರೆ. ಸ್ವಿಚ್ ಒತ್ತಿದರೆ ದೀಪ ಆರುತ್ತದೆ, ಆದರೆ ಹೋಲ್ಡರಿನಲ್ಲಿ 230 ವೋಲ್ಟು ಹಾಗೇ ಇರುತ್ತದೆ. ನೀರು ಬರುವ ಕಡೆ ಬಿಟ್ಟು ಹೋಗುವ ಕಡೆ ನಳ ಕಟ್ಟಿದಂತೆ. ಹರಿಯುವುದು ನಿಂತಿತು, ಪೈಪು ಮಾತ್ರ ತುಂಬಿಯೇ ಇದೆ. ದೀಪ ಆರಿದೆ ಅಂದರೆ ಕರೆಂಟಿಲ್ಲ ಅಂತ ಅರ್ಥವಲ್ಲ. ಇದೊಂದು ವಾಕ್ಯ ನೆನಪಿಟ್ಟರೆ ಮುಂದಿನದನ್ನು ಓದದಿದ್ದರೂ ನಡೆದೀತು.

"ಫ್ಯೂಜ್ ಐತಲ್ಲ, ಹೋಗತೈತಿ" ಅನ್ನುವವರಿಗೆ ಒಂದು ಲೆಕ್ಕ. 5 ಆಂಪಿಯರ್ ಫ್ಯೂಜ್ ಅಂದರೆ 5000 ಮಿಲಿಆಂಪಿಯರ್. ಮನುಷ್ಯನ ಎದೆಯ ಮೂಲಕ 50 ಮಿಲಿಆಂಪಿಯರಿನಷ್ಟು ಹರಿದರೂ ಹೃದಯದ ಬಡಿತ ಹದ ತಪ್ಪಬಹುದು. ಫ್ಯೂಜ್ ಇರುವುದು ವಾಯರ್ ಸುಡದಿರಲಿ ಅಂತ, ನಿಮ್ಮನ್ನು ಉಳಿಸಲಿಕ್ಕಲ್ಲ. ಎಂಸಿಬಿ ಕೂಡ ಅಷ್ಟೇ. ಮನುಷ್ಯನಿಗಾಗಿಯೇ ಇರುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಕರೆಂಟು ನೆಲಕ್ಕೆ ಸೋರಿದ ಕೂಡಲೇ ಅದು ಬೀಳುತ್ತದೆ. ಮಗ್ಗದ ಮನೆಗೆ ಇದು ಬೇಕೇ ಬೇಕು, ಯಾಕೆಂದರೆ ಕುಣಿ ಮಗ್ಗದಲ್ಲಿ ಕೂತವರ ಕಾಲು ಮಣ್ಣಿನ ಕುಣಿಯಲ್ಲಿ, ಅದೂ ಬರಿಗಾಲು. ಹಾಗಂತ ಆರ್‌ಸಿಸಿಬಿ ನಂಬಿ ಮೇನ್ ಬಂದ್ ಮಾಡದೆ ಕೈ ಹಾಕಬೇಡಿ. ಒಂದು ಕೈ ಫೇಸಿಗೆ, ಇನ್ನೊಂದು ನ್ಯೂಟ್ರಲ್‌ಗೆ ತಾಗಿದರೆ ಅದಕ್ಕೆ ನೀವೂ ಒಂದೇ, ಬಲ್ಬೂ ಒಂದೇ.

ಇನ್ನೊಂದು ಮೋಸಗಾರ ಇನ್ವರ್ಟರ್. ಮೇನ್ ಬಂದ್ ಮಾಡಿದ ಕೂಡಲೇ ಅದು "ಲೈಟ್ ಹೋದವು" ಅಂತ ತಿಳಿದು ಬ್ಯಾಟರಿಯಿಂದ ಅದೇ ದೀಪಗಳಿಗೆ ಕರೆಂಟು ಕೊಡುತ್ತದೆ. ಅದೂ 230 ವೋಲ್ಟೇ. ಹಾಗಾಗಿ ಮೇನ್ ಜೊತೆ ಇನ್ವರ್ಟರನ್ನೂ ಬಂದ್ ಮಾಡಬೇಕು.

ಈಗ ಹ್ಯಾಲೋಜನ್ ವಿಷಯಕ್ಕೆ ಬರೋಣ. ಎಲ್‌ಇಡಿ ಬಂದ ಮೇಲೆ ಅದು ಸತ್ತೇಹೋಯಿತು ಅಂದುಕೊಂಡಿದ್ದರೆ ಸೀರೆ ಅಂಗಡಿಗಳ ಹಳೆಯ ಸೀಲಿಂಗ್, ಶೋಕೇಸುಗಳನ್ನು ತಲೆ ಎತ್ತಿ ನೋಡಿ. ಇದರ ಗಾಜು ಸಾಮಾನ್ಯ ಗಾಜಲ್ಲ, ಕ್ವಾರ್ಟ್ಜ್. ಒಳಗಿನ ತಂತಿಯಿಂದ ಆವಿಯಾದ ಟಂಗ್‌ಸ್ಟನ್ ಅಯೋಡಿನ್ ಅಥವಾ ಬ್ರೋಮಿನ್ ಜೊತೆ ಕೂಡಿ ಮತ್ತೆ ತಂತಿಗೇ ಮರಳುತ್ತದೆ. ಈ ಆಟ ನಡೆಯಬೇಕಾದರೆ ಗಾಜು 250 ಡಿಗ್ರಿಗಿಂತ ಬಿಸಿ ಇರಲೇಬೇಕು. ಅಂದರೆ ಅಷ್ಟು ಬಿಸಿಯಾಗುವುದು ಅದರ ದೋಷವಲ್ಲ, ಸ್ವಭಾವ. ಅದರ ಪಕ್ಕದಲ್ಲೇ ಹತ್ತಿ, ರೇಷ್ಮೆ ನೇತುಹಾಕುವುದು ನಮ್ಮ ದೋಷ.

ಆದ್ದರಿಂದ ಆರಿದ ಮೇಲೆ ಕಾಲು ಗಂಟೆಯಾದರೂ ಕಾಯಿರಿ. ಹೊಸ ಬಲ್ಬನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಎಣ್ಣೆ, ಉಪ್ಪು ಗಾಜಿಗೆ ಅಂಟಿದರೆ ಅದೇ ಜಾಗ ಕಾದು ಬಲ್ಬು ಬೇಗ ಹೋಗುತ್ತದೆ, ಒಡೆಯಲೂಬಹುದು. ಒಣ ಬಟ್ಟೆಯಲ್ಲಿ ಹಿಡಿಯಿರಿ, ಮುಟ್ಟಿಬಿಟ್ಟಿದ್ದರೆ ಹಚ್ಚುವ ಮೊದಲೇ ಸ್ಪಿರಿಟ್ಟಿನಿಂದ ಒರೆಸಿ ಒಣಗಿಸಿ. ಹೋಲ್ಡರ್ ಮೇಲೆ ಬರೆದ ವ್ಯಾಟ್ ಮೀರಬೇಡಿ. 12 ವೋಲ್ಟಿನ 50 ವ್ಯಾಟ್ ಬಲ್ಬಿನಲ್ಲಿ ನಾಲ್ಕು ಆಂಪಿಯರಿಗೂ ಹೆಚ್ಚು ಹರಿಯುತ್ತದೆ, ಹಿಡಿತ ಸಡಿಲವಾಗಿದ್ದರೆ ಹೋಲ್ಡರ್ ಕರಕಲಾಗುತ್ತದೆ. ಕರಕಲಾದ ಹೋಲ್ಡರಿಗೆ ಹೊಸ ಬಲ್ಬು ಹಾಕುವುದು ವ್ಯರ್ಥ. ಎಲ್‌ಇಡಿ ಹಾಕುವುದೇ ಜಾಣತನ, ಆದರೆ ಹಳೆ ಟ್ರಾನ್ಸ್‌ಫಾರ್ಮರಿಗೆ ಹಾಕಿದರೆ ಮಿಣುಕಬಹುದು. ಅದಕ್ಕೆ ಸಾಕಾಗುವಷ್ಟು ಲೋಡ್ ಇಲ್ಲದ್ದೇ ಕಾರಣ. ಟ್ರಾನ್ಸ್‌ಫಾರ್ಮರನ್ನೂ ಬದಲಿಸಬೇಕಾಗುತ್ತದೆ.

ಕೈ ಹಾಕುವ ಮೊದಲು ಮೂರು ಪರೀಕ್ಷೆ. ಟೆಸ್ಟರ್ ಮೊದಲು ಕರೆಂಟು ಇರುವ ಪಾಯಿಂಟಿನಲ್ಲಿ ಹತ್ತುತ್ತದೆಯೇ ನೋಡಿ. ಆಮೇಲೆ ಮೇನ್ ಬಂದ್ ಮಾಡಿ, ರಿಪೇರಿಯ ಜಾಗದಲ್ಲಿ ಎರಡೂ ವಾಯರಿಗೆ ಹಿಡಿಯಿರಿ. ಅಲ್ಲಿ ಹತ್ತದಿದ್ದರೂ ಅದನ್ನೊಂದನ್ನೇ ನಂಬಬೇಡಿ. ಅರ್ಧ ಕೆಟ್ಟ ಟೆಸ್ಟರು ಸುಳ್ಳು ಹೇಳುತ್ತದೆ. ಪಕ್ಕದ ಮನೆಯಲ್ಲೋ ಬೇರೆ ಲೈನಿನಲ್ಲೋ ಇನ್ನೊಮ್ಮೆ ಹತ್ತಿಸಿ ನೋಡಿ ಬನ್ನಿ. ಮೇನ್ ಹತ್ತಿರ ಒಬ್ಬರನ್ನು ನಿಲ್ಲಿಸಿ, ಯಾರೂ "ಲೈಟ್ ಹಾಕ್ತೀನಿ" ಅಂತ ಬರದಂತೆ. ಅಲುಗಾಡುವ ಸ್ಟೂಲು ಬೇಡ. ಯಾರಿಗಾದರೂ ಶಾಕ್ ಹೊಡೆದರೆ ಹಿಡಿದು ಎಳೆಯಬೇಡಿ, ಮೊದಲು ಮೇನ್, ನಂತರ 108ಕ್ಕೆ ಫೋನ್.

"ಹಂಗಾದ್ರ ಯಾವುದಕ್ಕೂ ಕೈ ಹಚ್ಚೋದ ಬ್ಯಾಡ, ಎಲ್ಲಾ ಇಲೆಕ್ಟ್ರಿಷಿಯನ್ ಮಾಡ್ಲಿ" ಅನ್ನುವವರೂ ಇದ್ದಾರೆ. ಅದನ್ನೂ ನಾನು ಒಪ್ಪುವುದಿಲ್ಲ. ಬಲ್ಬು ಬದಲಿಸಲು, ಒಡೆದ ಹೋಲ್ಡರ್ ತೆಗೆದು ಹೊಸದು ಹಾಕಲು ಮನೆಯವರಿಗೆ ಬರಬೇಕು. ವಾಯರಿನ ಹೊದಿಕೆ ಪುಡಿಯಾಗುತ್ತಿದ್ದರೆ, ಸ್ವಿಚ್ ನ್ಯೂಟ್ರಲ್‌ನಲ್ಲಿದ್ದರೆ, ಅರ್ಥಿಂಗ್ ಇಲ್ಲದಿದ್ದರೆ, ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಪರವಾನಗಿ ಇದ್ದವರನ್ನೇ ಕರೆಯಿರಿ. ಧೈರ್ಯಕ್ಕೂ ಭಂಡತನಕ್ಕೂ ಇರುವ ಗೆರೆ ಇದೇ.

ಮತ್ತೊಂದು ಮಾತು. "ಹೆಣ್ಣುಮಕ್ಕಳಿಗ್ಯಾಕ ಇದೆಲ್ಲಾ?" ಅಂತಾರೆ. ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕುವ ನಮ್ಮ ಅತ್ತಿಗೆ, ಒಂದು ಹೋಲ್ಡರಿಗೆ ಎರಡು ವಾಯರ್ ಸಿಕ್ಕಿಸುವುದು ಕಷ್ಟವೇ? ಮಾವ ಬಿದ್ದ ದಿನ ಆಕೆಗೆ ಮೇನ್ ಸ್ವಿಚ್ ಎಲ್ಲಿದೆ ಅಂತಲೇ ಗೊತ್ತಿರಲಿಲ್ಲ. ಮಾವ ವಾಯರಿಗೆ ಅಂಟಿಕೊಂಡಿದ್ದರೆ? ಆ ಮನೆಗೆ ಬಂದು ಇಪ್ಪತ್ತು ವರ್ಷವಾದರೂ ಯಾರೂ ಆಕೆಗೆ ತೋರಿಸಿರಲಿಲ್ಲ. ಇದು ಆಕೆಯ ತಪ್ಪಲ್ಲ, ನಮ್ಮದು.

2015ರ ಕೊನೆಗೆ ಹೊಸ ಬೆಳಕು ಯೋಜನೆ ಬಂದು ಎಲ್‌ಇಡಿ ಅಗ್ಗವಾಯಿತು. ಬಲ್ಬು ಹೊಸದಾಯಿತು. ಹೋಲ್ಡರ್ ಅಜ್ಜನ ಕಾಲದ್ದು, ವಾಯರ್ ಅಪ್ಪನ ಕಾಲದ್ದು, "ಏನಾಗಂಗಿಲ್ಲ" ಮಾತ್ರ ಎಲ್ಲ ಕಾಲದ್ದು!

ನಮ್ಮೂರಿನ ಚಿತ್ತರಗಿ ಮಠದ ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ದುಡ್ಡಲ್ಲ, ಕಾಳಲ್ಲ, ನಿಮ್ಮ ದುಶ್ಚಟ ಹಾಕಿರಿ ಅಂತ ಬೇಡಿದರು. ಎಷ್ಟೋ ಜನ ಕುಡಿತ, ಬೀಡಿ, ಗುಟ್ಕಾ ಬಿಟ್ಟು ಸಂಸಾರ ಉಳಿಸಿಕೊಂಡರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನ್ನು ಇವತ್ತು ನಾಡಿನಲ್ಲಿ ವ್ಯಸನಮುಕ್ತ ದಿನ ಅಂತ ಆಚರಿಸುತ್ತಾರೆ. "ಏನಾಗಂಗಿಲ್ಲ" ಅನ್ನುವುದೂ ಒಂದು ಚಟವೇ. ಕುಡಿತದಂತೆ ಇದೂ ದುಡಿಯುವ ಕೈಯನ್ನೇ ಮೊದಲು ಹಿಡಿಯುತ್ತದೆ.

ಇವತ್ತು ಸಂಜೆ ಮನೆಯವರನ್ನೆಲ್ಲ ಕರೆದು ಮೇನ್ ಸ್ವಿಚ್ ತೋರಿಸಿ. ಒಬ್ಬೊಬ್ಬರ ಕೈಯಿಂದಲೂ ಬಂದ್ ಮಾಡಿಸಿ. ಆಮೇಲೆ ಆ ಚಟಾನೂ ಜೋಳಿಗೆಗೆ ಹಾಕಿಬಿಡ್ರಿ. ಏನೂ ಕಳಕೊಳ್ಳಂಗಿಲ್ಲ.