ಮದುವೆಗೆ ಭವನ, ಮಗಳ ಮಾತಿಗೆ ಬೀಗ



ಈ ಲೇಖನ ಓದಿ ಕೆಲವರಿಗೆ ಸಿಟ್ಟು ಬರಬಹುದು. ಬರಲಿ. ಬಸವಾದಿ ಶರಣರ ಹೆಸರು ಹೇಳಿಕೊಂಡು ಬದುಕುವ ನಾವು ನಮ್ಮ ಮಕ್ಕಳಿಗೆ ಏನು ಮಾಡುತ್ತಿದ್ದೇವೆ ಎಂಬುದನ್ನು ಹೋದ ಮುಂಗಾರಿನಲ್ಲಿ ಕಣ್ಣಾರೆ ಕಂಡೆ. ಅದನ್ನು ನಮ್ಮವರ ಮುಂದೆ ಹೇಳದೆ ಮತ್ತಾರ ಮುಂದೆ ಹೇಳಲಿ?

ನಾನು ಧಾರವಾಡದ ಕಡೆಯವನು. ಕನ್ನಡ ಮಾಸ್ತರನಾಗಿ ಹೊನ್ನಾವರಕ್ಕೆ ಬಂದವನು, ನಿವೃತ್ತಿಯಾದ ಮೇಲೂ ಶರಾವತಿಯ ದಂಡೆ ಬಿಟ್ಟು ಹೋಗಲಿಲ್ಲ. ಭಟ್ಕಳ, ಹೊನ್ನಾವರ, ಕುಮಟಾ ಈ ಮೂರೂ ಊರುಗಳಲ್ಲಿ ನಮ್ಮವರ ಮನೆಗಳು ಕಡಿಮೆ. ನೌಕರಿಗೋ ವ್ಯಾಪಾರಕ್ಕೋ ಘಟ್ಟ ಇಳಿದು ಬಂದವರೇ ಹೆಚ್ಚು. ಬಸವ ಜಯಂತಿಗೆ ಒಂದೆಡೆ ಸೇರುತ್ತೇವೆ, ವಚನ ಹೇಳುತ್ತೇವೆ, ಪ್ರಸಾದ ಸ್ವೀಕರಿಸಿ ಮನೆಗೆ ಹೋಗುತ್ತೇವೆ.

ಹೋದ ವರ್ಷ ಮೂವರು ಮಕ್ಕಳು ನನ್ನ ಮನೆಗೆ ಬಂದರು. ಕುಮಟೆಯ ಹುಡುಗಿ ನಮ್ಮ ಸಮಾಜದವಳು, ಹಾವೇರಿ ಕಡೆಯಿಂದ ಬಂದ ನೌಕರರ ಮಗಳು. ಇನ್ನೊಬ್ಬ ಹೊನ್ನಾವರದ ಕಾಸರಕೋಡಿನ ಮೀನುಗಾರರ ಮಗ. ಮೂರನೆಯವನು ಭಟ್ಕಳದವನು, ಮನೆಮಾತು ನವಾಯತಿ, ಕನ್ನಡ ಶಾಲೆಯಲ್ಲಿ ಕಲಿತದ್ದು. ಮೂವರಿಗೂ ನಾಟಕ ಶಾಲೆ ಸೇರುವ ಆಸೆ. ಮೊದಲ ಸುತ್ತಿಗೆ ಶಾಲೆಯವರು ಕೇಳಿದ್ದು ಒಂದು ವಿಡಿಯೋ. ಎರಡು ನಿಮಿಷದ ಅಭಿನಯವನ್ನು ತಾವೇ ಚಿತ್ರಿಸಿ ಕಳಿಸಬೇಕು. ಕೊರೋನಾ ಕಾಲದಿಂದ ಈಚೆಗೆ ದೇಶ ವಿದೇಶದ ನಾಟಕ ಶಾಲೆಗಳಲ್ಲಿ ಈ ರೂಢಿ ಬೆಳೆದಿದೆ. ದೂರದ ಬಡ ಮಕ್ಕಳಿಗೆ ಇದು ಅನುಕೂಲ ಎನ್ನುತ್ತಾರೆ. ಬಸ್ಸು, ವಸತಿ ಎಂದು ಖರ್ಚಿಲ್ಲ, ಫೋನು ಒಂದಿದ್ದರೆ ಸಾಕು ಎನ್ನುತ್ತಾರೆ.

ಫೋನು ಎಲ್ಲರ ಕೈಯಲ್ಲೂ ಇದೆ. ಇಲ್ಲದಿರುವುದು ಕೋಣೆ, ಮೌನ, ಎದುರಿಗೆ ನಿಂತು ಮಾತು ಕೊಡುವ ಒಬ್ಬ ಮನುಷ್ಯ. ಕರಾವಳಿಯ ಜೂನ್ ತಿಂಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಗಡಿನ ಮೇಲೆ ಮಳೆ ಹೊಡೆಯತೊಡಗಿದರೆ ಪಕ್ಕದಲ್ಲಿ ಕುಳಿತವರ ಮಾತೇ ಕೇಳದು. ಮಳೆ ನಿಂತರೆ ಹೆದ್ದಾರಿಯ ಲಾರಿ, ಮೀನು ಮಾರುವವರ ಹಾರ್ನು, ಒಳಮನೆಯಲ್ಲಿ ಟಿವಿ. ಫೋನಿನ ಮೈಕಿಗೆ ಯಾವುದು ಬೇಕು, ಯಾವುದು ಬೇಡ ಎಂಬ ವಿವೇಕ ಇರುವುದಿಲ್ಲ.

ಮೇ ತಿಂಗಳಲ್ಲಿ ಕುಮಟೆಯ ಹುಡುಗಿ ಅಜ್ಜಿಯ ಊರಿಗೆ ಹೋಗಿದ್ದಳು. ಅಲ್ಲಿ ಒಂದು ಮಠಕ್ಕೆ ಸೇರಿದ ಸಮುದಾಯ ಭವನವಿದೆ. ಒಂದು ಗಂಟೆ ಒಳಗೆ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿ ವಿಡಿಯೋ ಮಾಡಿಕೊಳ್ಳುತ್ತೇನೆ ಎಂದು ಕೇಳಿದಳು. ನೋಡಿಕೊಳ್ಳುವವರು ಕೊಟ್ಟ ಉತ್ತರ: "ಮದಿವಿಗಾದ್ರ ಬರ್ಕೊಡ್ರಿ. ಇಂಥಾದ್ದಕ್ಕ ಕೊಡೂದಿಲ್ಲ." ಅಂದು ಭವನ ಖಾಲಿ ಇತ್ತು.

ಜೂನ್ ಮೊದಲ ವಾರ ಅವಳು ನನ್ನಲ್ಲಿಗೆ ಬಂದಾಗ ಉಳಿದಿದ್ದುದು ಒಂಬತ್ತು ದಿನ. ಈ ಮುದಿ ಮಾಸ್ತರನಿಗೆ ಗೊತ್ತಿದ್ದಷ್ಟು ಹೇಳಿದೆ, ಗೊತ್ತಿಲ್ಲದ್ದನ್ನು ಅವರಿಂದಲೇ ಕಲಿತೆ. ಈ ಪತ್ರಿಕೆ ಓದುವ ಮನೆಗಳಲ್ಲಿ ಮುಂದೆ ಯಾವ ಮಗುವಿಗಾದರೂ ಬೇಕಾದೀತೆಂದು ಬರೆಯುತ್ತಿದ್ದೇನೆ. ಬೆಳಕು ಎದುರಿನ ಕಿಟಕಿಯಿಂದ ಮುಖದ ಮೇಲೆ ಬೀಳಬೇಕು, ಬೆನ್ನ ಹಿಂದೆ ಕಿಟಕಿ ಇದ್ದರೆ ಮುಖ ಕಪ್ಪಾಗುತ್ತದೆ. ಫೋನನ್ನು ಕಣ್ಣಿನ ಮಟ್ಟಕ್ಕೆ, ಅಡ್ಡ ಹಿಡಿದು ಅಲುಗಾಡದಂತೆ ನಿಲ್ಲಿಸಬೇಕು. ಹಿಂದೆ ಬರಿಯ ಗೋಡೆ ಇರಲಿ. ಫ್ಯಾನು ಬಂದ್ ಮಾಡಿ. ಮೊದಲು ನಿಮ್ಮ ಹೆಸರು, ವಯಸ್ಸು, ಊರು ಹೇಳಿ, ಒಂದು ಉಸಿರು ಬಿಟ್ಟು ಅಭಿನಯಕ್ಕೆ ಇಳಿಯಿರಿ. ಎದುರು ಪಾತ್ರಕ್ಕೆ ಮಾತಾಡುವಾಗ ದೃಷ್ಟಿ ಕ್ಯಾಮೆರಾದ ಪಕ್ಕಕ್ಕೆ ಇರಲಿ. ಮೊದಲಿನಿಂದ ಕೊನೆಯವರೆಗೆ ಒಂದೇ ಸಲಕ್ಕೆ ಚಿತ್ರಿಸಿ, ಕತ್ತರಿಸಿ ಜೋಡಿಸಬೇಡಿ. ಹಿನ್ನೆಲೆ ಸಂಗೀತ, ಮುಖ ಬೆಳ್ಳಗೆ ಮಾಡುವ ಫಿಲ್ಟರ್ ಯಾವುದೂ ಬೇಡ. ನೋಡುವ ಗುರುಗಳು ಹುಡುಕುವುದು ಕಲಿಯಬಲ್ಲ ಒಂದು ಜೀವವನ್ನು, ಸಿನಿಮಾವನ್ನಲ್ಲ.

ಅವಳು ಮೊದಲು ತಯಾರು ಮಾಡಿಕೊಂಡಿದ್ದು ಯಾವುದೋ ಸಿನಿಮಾ ರಾಣಿಯ ಅಬ್ಬರದ ಮಾತು. ಅವಳದಲ್ಲದ ಉಚ್ಚಾರ, ಅವಳದಲ್ಲದ ವಯಸ್ಸು. "ಇದನ್ನ ಯಾರಿಂದ ಕಲಿತಿ ತಂಗೀ?" ಎಂದೆ. "ಮೊಬೈಲ್ನಾಗ ನೋಡಿ, ಸರ" ಎಂದಳು. ಅದನ್ನು ಬಿಟ್ಟು ಗಿರೀಶ ಕಾರ್ನಾಡರ 'ನಾಗಮಂಡಲ' ಕೈಗೆ ಕೊಟ್ಟೆ. ಅದರ ರಾಣಿ ಹೊಸದಾಗಿ ಗಂಡನ ಮನೆಗೆ ಬಂದ ಹುಡುಗಿ. ಗಂಡ ಹೊರಗಿನಿಂದ ಬೀಗ ಹಾಕಿ ಹೋಗುತ್ತಾನೆ, ಅವಳು ಒಳಗೆ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಾಳೆ. ಎರಡು ಸಲ ಓದಿದ ಹುಡುಗಿ ಪುಸ್ತಕ ಮಡಚಿ, "ಇದನ್ನ ನಾ ಮಾಡ್ತೀನ್ರಿ" ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ.

ನಮ್ಮ ಮನೆಯ ಸಾಮಾನಿನ ಕೋಣೆಯ ಗೋಡೆಗೆ ನನ್ನ ಹೆಂಡತಿ ಊರಿನಿಂದ ತಂದ ಕೌದಿಗಳನ್ನು ತೂಗುಹಾಕಿದೆವು. ದಪ್ಪ ಬಟ್ಟೆ ಇದ್ದರೆ ದನಿ ಗೋಡೆಗೆ ಬಡಿದು ಮರಳುವುದಿಲ್ಲ. ಬೆಳಗಿನ ನಾಲ್ಕೂವರೆಗೆ ಮಳೆ ಸ್ವಲ್ಪ ಬಿಡುವು ಕೊಟ್ಟಾಗ, ಎದುರಿನಿಂದ ಒಂದು ದೀಪ ಹಚ್ಚಿ, ಏಳನೆಯ ಪ್ರಯತ್ನಕ್ಕೆ ಅವಳ ವಿಡಿಯೋ ಆಯಿತು.

ಕಾಸರಕೋಡಿನ ಹುಡುಗನದು ಬೇರೆ ತೊಡಕು. ಹೊನ್ನಾವರ ತಾಲೂಕೆಂದರೆ ಯಕ್ಷಗಾನದ ತವರು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ನೆಲ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಕುಣಿದ ನೆಲ. ಬಯಲಾಟ ನೋಡಿ ಬೆಳೆದವನ ದನಿ ಗದ್ದೆಯ ಆ ತುದಿಗೆ ಮುಟ್ಟುವಂಥದು. ಫೋನಿನ ಮೈಕು ಅದನ್ನು ತಾಳದೆ ಒಡೆದು ಹೋಗುತ್ತಿತ್ತು. ಫೋನನ್ನು ಎರಡು ಹೆಜ್ಜೆ ಹಿಂದಿಟ್ಟು, ಪಕ್ಕದವನ ಕಿವಿಯಲ್ಲಿ ಹೇಳುವಷ್ಟು ದನಿ ಇಳಿಸಲು ನಾಲ್ಕು ದಿನ ಹಿಡಿಯಿತು. ಜೂನ್, ಜುಲೈ ಮೀನುಗಾರಿಕೆ ನಿಷೇಧದ ಕಾಲ, ದೋಣಿಗಳು ದಡದಲ್ಲಿ. ಬಲೆ ಇಡುವ ಶೆಡ್ಡಿನಲ್ಲಿ ರಾಶಿ ಬಲೆಗಳ ನಡುವೆ ಅವನ ವಿಡಿಯೋ ಆಯಿತು. ನಮ್ಮ ಮನೆಯ ಕೌದಿ ಮಾಡಿದ ಕೆಲಸವನ್ನು ಅಲ್ಲಿ ಬಲೆ ಮಾಡಿತು.

ಭಟ್ಕಳದ ಹುಡುಗನಿಗೆ ತನ್ನ ಕನ್ನಡದ ಬಗ್ಗೆ ನಾಚಿಕೆ. ಅವನ ಕನ್ನಡದಲ್ಲಿ ನವಾಯತಿಯ ಒಂದು ಇಂಪಾದ ಎಳೆತವಿದೆ. ಅದನ್ನು ಒರೆಸಿ ಹಾಕಲು ಹೊರಟವನನ್ನು ತಡೆದೆ. ಚಿಕ್ಕಪ್ಪನ ಅಂಗಡಿಯ ಬಾಗಿಲು ಎಳೆದ ಮೇಲೆ ರಾತ್ರಿ ಹನ್ನೊಂದಕ್ಕೆ ಚಿತ್ರಿಸಿಕೊಂಡ. ಅವನ ದೃಶ್ಯಕ್ಕೆ ಎದುರುಮಾತು ಕೊಟ್ಟವಳು ಕುಮಟೆಯ ನಮ್ಮ ಹುಡುಗಿ, ಇನ್ನೊಂದು ಫೋನಿನಲ್ಲಿ. ಅನುಭವ ಮಂಟಪದ ಬಗ್ಗೆ ನಾನು ಎಷ್ಟೋ ಭಾಷಣ ಮಾಡಿದ್ದೇನೆ. ಅದು ಹೇಗಿದ್ದಿರಬಹುದು ಎಂಬ ಒಂದು ಅಂದಾಜು ನನಗೆ ಸಿಕ್ಕಿದ್ದು ಅಂದು.

ಈಗ ಆ ಹುಡುಗಿಯ ತಂದೆಯ ವಿಷಯಕ್ಕೆ ಬರುತ್ತೇನೆ. ಅವರು ಕೆಟ್ಟವರಲ್ಲ. ಇಷ್ಟಲಿಂಗ ಪೂಜೆ ತಪ್ಪಿಸುವವರಲ್ಲ, ದಾಸೋಹಕ್ಕೆ ಕೈ ಹಿಡಿಯುವವರಲ್ಲ. ನನ್ನನ್ನು ಕರೆದು ಹೇಳಿದರು: "ಸರ, ನಾಟಕದ ಮಾತು ಬ್ಯಾಡ್ರಿ. ಬಣ್ಣಾ ಹಚ್ಕೊಂಡು ಊರೂರು ತಿರಗತಾಳಂದ್ರ ನಾಳೆ ಯಾರು ಮಾಡ್ಕೋತಾರ್ರಿ ಆಕಿನ್ನ?" ಅವರು ಕುಳಿತ ಕುರ್ಚಿಯ ಮೇಲೆ ಗೋಡೆಯಲ್ಲಿ ಒಂದು ಫೋಟೋ. ಹತ್ತು ವರ್ಷದ ಮಗಳು ಅಕ್ಕಮಹಾದೇವಿಯ ವೇಷದಲ್ಲಿ ಬಸವ ಜಯಂತಿಯ ಮೆರವಣಿಗೆಯ ಟ್ರ್ಯಾಕ್ಟರಿನ ಮೇಲೆ ಕೂತಿದ್ದಾಳೆ. "ಅಂದು ವೇಷ ಹಾಕ್ಸಿದವರು ಯಾರ್ರಿ?" ಎಂದೆ. ಅವರು ಮಾತಾಡಲಿಲ್ಲ.

ಬಂಧುಗಳೇ, ಆ ಫೋಟೋ ಅವರೊಬ್ಬರ ಮನೆಯದಲ್ಲ, ನಮ್ಮೆಲ್ಲರದು. ಮಗು ಅಕ್ಕನಾಗಿ ನಿಂತರೆ ಚಪ್ಪಾಳೆ. ಅದೇ ಮಗು ಬೆಳೆದು, ಇದು ನನ್ನ ಕಾಯಕ ಎಂದರೆ ಬಾಗಿಲಿಗೆ ಚಿಲಕ.

ವೇಷ ಕಟ್ಟುವುದು ಶರಣ ಧರ್ಮಕ್ಕೆ ಹೊರಗಿನದು ಎನ್ನುವವರು ಶರಣರ ಹೆಸರುಗಳನ್ನೇ ಸರಿಯಾಗಿ ಓದಿಲ್ಲ. ಬಹುರೂಪಿ ಚೌಡಯ್ಯ ಯಾರು? ಬಹುರೂಪದ ವೇಷ ಕಟ್ಟಿ ಆಡುವುದೇ ಅವರ ಕಾಯಕ. ರೇಕಣ್ಣಪ್ರಿಯ ನಾಗಿನಾಥ ಎಂಬ ಅಂಕಿತದಲ್ಲಿ ಅವರು ವಚನ ಬರೆದರು. ನಗೆಯ ಮಾರಿತಂದೆ ಯಾರು? ಜನರನ್ನು ನಗಿಸುವುದು ಅವರ ಕಾಯಕ. ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯನವರನ್ನು ಎತ್ತಿ ಹೇಳುವ ನಾವು ಈ ಇಬ್ಬರನ್ನು ಯಾಕೆ ಮೆಲ್ಲಗೆ ದಾಟಿ ಹೋಗುತ್ತೇವೆ? ಬಸವಣ್ಣನವರನ್ನು ಹಳ್ಳಿ ಹಳ್ಳಿಯ ಜನರ ಕಣ್ಣಿಗೆ ತಂದು ನಿಲ್ಲಿಸಿದವರಲ್ಲಿ ಏಣಗಿ ಬಾಳಪ್ಪನವರ ಪಾತ್ರ ನಮ್ಮ ಯಾವ ಭಾಷಣಕಾರರಿಗಿಂತ ಕಡಿಮೆಯದೇ? ಅವರು ಮುಖಕ್ಕೆ ಬಣ್ಣ ಹಚ್ಚಿಯೇ ಬಸವೇಶ್ವರರಾದರು.

ಮಠ ಮತ್ತು ನಾಟಕ ಕೂಡುವುದಿಲ್ಲ ಎನ್ನುವವರು ಹೊಸದುರ್ಗ ತಾಲೂಕಿನ ಸಾಣೇಹಳ್ಳಿಗೆ ಹೋಗಿ ಬರಲಿ. ಪೂಜ್ಯ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು 1997ರಲ್ಲಿ ಶಿವಸಂಚಾರ ಆರಂಭಿಸಿದರು. ಕಲಾವಿದರ ತಂಡ ನಾಡು ಸುತ್ತಿ ನಾಟಕ ಆಡುತ್ತದೆ. ಅಲ್ಲಿಯೇ ರಂಗ ಪ್ರಯೋಗ ಶಾಲೆಯೂ ಇದೆ, ದೊಡ್ಡ ಬಯಲು ರಂಗಮಂದಿರವೂ ಇದೆ. ಒಂದು ಮಠಕ್ಕೆ ಸಾಧ್ಯವಾದದ್ದು ಉಳಿದ ಮಠಗಳಿಗೆ ಯಾಕೆ ಅಸಾಧ್ಯ?

ಹೊಟ್ಟೆಪಾಡಿನ ಪ್ರಶ್ನೆ ನ್ಯಾಯವಾದದ್ದು, ತಂದೆತಾಯಿ ಕೇಳಲೇಬೇಕು. ಉತ್ತರವೂ ಇದೆ. ಸಾಗರದ ಬಳಿಯ ಹೆಗ್ಗೋಡಿನ ನೀನಾಸಂನಲ್ಲಿ, ಮೈಸೂರಿನ ರಂಗಾಯಣದಲ್ಲಿ ಕಲಿತವರು ರೆಪರ್ಟರಿಗಳಲ್ಲಿದ್ದಾರೆ, ಶಾಲೆಗಳಲ್ಲಿ ನಾಟಕ ಕಲಿಸುತ್ತಿದ್ದಾರೆ, ಸಿನಿಮಾ, ಧಾರಾವಾಹಿಗಳಲ್ಲಿದ್ದಾರೆ. ಎಲ್ಲರಿಗೂ ಸುಖದ ಸಂಬಳ ಎಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ಇಂಜಿನಿಯರಿಂಗ್ ಮುಗಿಸಿ ಮನೆಯಲ್ಲಿ ಕೂತ ನಮ್ಮ ಮಕ್ಕಳನ್ನೂ ನಾನು ಬಲ್ಲೆ.

ಮೂವರಿಗೂ ಎರಡನೆಯ ಸುತ್ತಿನ ಕರೆ ಬಂತು. ಕಾಸರಕೋಡಿನ ಹುಡುಗ ಆಯ್ಕೆಯಾಗಿ ಸೇರಿದ. ಭಟ್ಕಳದವನು ಆಯ್ಕೆಯಾಗಲಿಲ್ಲ, ಮತ್ತೆ ತಯಾರಿ ನಡೆಸಿದ್ದಾನೆ. ನಮ್ಮ ಹುಡುಗಿ ಹೋಗಲಿಲ್ಲ. ಹಣದ ಅಡ್ಡಿ ಇರಲಿಲ್ಲ. ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿನ ದುಡ್ಡೂ ಬೇಕಿಲ್ಲ. ತಂದೆ ಹ್ಞೂಂ ಎನ್ನಬೇಕಿತ್ತು, ಅವರು ಅನ್ನಲಿಲ್ಲ. ಸಮಾಜ ಏನೆಂದೀತು ಎಂದು ಅವರು ಹೆದರಿದರು. ಆ ಸಮಾಜ ಎಂದರೆ ನಾನು, ನೀವು.

ಆದ್ದರಿಂದ ಮಠಗಳ ಪೂಜ್ಯರಲ್ಲಿ, ಬಸವ ಸಂಘಟನೆಗಳ ಹಿರಿಯರಲ್ಲಿ ಮೂರು ಬೇಡಿಕೆ ಇಡುತ್ತೇನೆ. ಒಂದು, ಮಠದ ಭವನ ಖಾಲಿ ಇರುವಾಗ ಒಂದು ಕೋಣೆಯನ್ನು ಇಂಥ ಮಕ್ಕಳಿಗೆ ಬಿಟ್ಟುಕೊಡಿ, ಯಾವ ಜಾತಿ, ಯಾವ ಮತ ಎಂದು ಕೇಳಬೇಡಿ. ನಾಲ್ಕು ದಪ್ಪ ಜಮಖಾನೆ, ಒಂದು ದೀಪ, ಒಂದು ಸ್ಟ್ಯಾಂಡು ಸಾಕು. ಎರಡು, ಎದುರುಮಾತು ಓದಲು, ಉಚ್ಚಾರ ತಿದ್ದಲು ನಿವೃತ್ತ ಶಿಕ್ಷಕರನ್ನು ಕರೆಯಿರಿ. ನಮ್ಮಂಥವರು ಸುಮ್ಮನೆ ಕೂತಿದ್ದೇವೆ. ಮೂರು, ಮುಂದಿನ ಬಸವ ಜಯಂತಿಯ ವೇದಿಕೆಯ ಮೇಲೆ, ತಂದೆತಾಯಿಯರು ಕೂತಿರುವಾಗ, ಅಭಿನಯವೂ ಕಾಯಕವೇ ಎಂದು ಬಾಯಿಬಿಟ್ಟು ಹೇಳಿ. ಪೂಜ್ಯರ ಬಾಯಿಂದ ಆ ಒಂದು ಮಾತು ಬಂದರೆ ಎಷ್ಟೋ ಮನೆಗಳ ಚಿಲಕ ಸಡಿಲಾಗುತ್ತದೆ.

ಅನ್ನ ದಾಸೋಹದಲ್ಲಿ ನಮ್ಮ ಮಠಗಳು ನಾಡಿಗೆ ಮಾದರಿ. ಲಕ್ಷಾಂತರ ಮಕ್ಕಳು ನಮ್ಮ ಪ್ರಸಾದ ನಿಲಯಗಳಲ್ಲಿ ಉಂಡು ಓದಿದ್ದಾರೆ, ಅವರಲ್ಲಿ ನಾನೂ ಒಬ್ಬ. ಅನ್ನ ಕೊಟ್ಟ ಕೈ ಒಂದು ಗಂಟೆಯ ಮೌನ ಕೊಡಲಾರದೇ?

ಕೌದಿಗಳನ್ನು ನಾವು ಗೋಡೆಯಿಂದ ತೆಗೆದಿಲ್ಲ. ಹುಡುಗಿ ಈಗ ಕುಮಟೆಯಲ್ಲಿ ಕಾಲೇಜಿಗೆ ಹೋಗುತ್ತಾಳೆ, ತಿಂಗಳಿಗೊಮ್ಮೆ ಬಂದು ಅಭ್ಯಾಸ ಮಾಡಿ ಹೋಗುತ್ತಾಳೆ. ಮತ್ತೆ ಜೂನ್ ಬರುತ್ತದೆ, ಅರ್ಜಿ ಕರೆಯುತ್ತಾರೆ. ಈ ಸಲ ಅವಳ ತಂದೆಯ ಜೊತೆ ಮಾತಾಡಲು ನಾನೊಬ್ಬನೇ ಹೋಗುವಂತಾಗದಿರಲಿ.