ಅಜ್ಜಿಯ ದನಿ ಮಸುಕಾದದ್ದೇಕೆ?

ಮಕ್ಕಳೇ, ಈ ವಾರ ನಮ್ಮ ಮನೆಯಲ್ಲೇ ನಡೆದ ಸಂಗತಿ ಹೇಳುತ್ತೇನೆ. ನನ್ನ ಅಕ್ಕ ತೀರಿಕೊಂಡು ಎರಡು ವರ್ಷವಾಯಿತು. ಮದುವೆ ಮನೆಯೊಂದರಲ್ಲಿ ಅವಳು ಸೋಬಾನೆ ಹಾಡಿದ ಒಂದೇ ಒಂದು ವಿಡಿಯೊ ನಮ್ಮಲ್ಲಿದೆ. ಭಾವನವರಿಗೆ ಕಣ್ಣು ಮಂಜು. ಪೆನ್‌ಡ್ರೈವ್ ಹಾಕುವ ಪುಟ್ಟ ರೇಡಿಯೊದಲ್ಲಿ ಆ ಹಾಡು ಕೇಳಬೇಕೆಂದು ಅವರ ಆಸೆ. ಏಳನೇ ತರಗತಿಯ ಮೊಮ್ಮಗಳು ವಾಟ್ಸ್‌ಆ್ಯಪ್‌ನಲ್ಲಿ ಬಂದ ವಿಡಿಯೊ ಇಳಿಸಿಕೊಂಡು ಎಂಪಿ3 ಮಾಡಿಕೊಟ್ಟಳು. ಭಾವ ಕೇಳಿ, “ಇದು ಅವಳ ದನಿಯಲ್ಲ ಪುಟ್ಟೀ, ಬಾವಿಯೊಳಗೆ ಯಾರೋ ಹಾಡಿದ ಹಾಗಿದೆ” ಎಂದರು. ಹುಡುಗಿಯ ಮುಖ ಬಾಡಿತು.

ತಪ್ಪು ಎಲ್ಲಾಯಿತು? ಕಡತ ಚಿಕ್ಕದಾಗಲೆಂದು ಎಂಪಿ3 ನಮ್ಮ ಕಿವಿ ಅಷ್ಟಾಗಿ ಗಮನಿಸದ ಸದ್ದುಗಳನ್ನು ಬಿಟ್ಟುಬಿಡುತ್ತದೆ. ಒಂದು ಸೆಕೆಂಡಿನ ಧ್ವನಿಗೆ ಎಷ್ಟು ಜಾಗ ಎಂಬುದೇ ಬಿಟ್‌ರೇಟ್. ಇವಳ ಆ್ಯಪ್‌ನಲ್ಲಿ ಅದು ಬರೀ 64 ಕೆಬಿಪಿಎಸ್ ಇತ್ತು. ಜಾಗ ಕಡಿಮೆಯಾದಷ್ಟೂ ದನಿಯ ಹೊಳಪು ಹೋಗುತ್ತದೆ. ಅಲ್ಲದೆ ವಿಡಿಯೊದೊಳಗಿನ ಧ್ವನಿ ಮೊದಲೇ ಒಮ್ಮೆ ಕುಗ್ಗಿಸಿದ್ದು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ವಿಡಿಯೊ ಮತ್ತೆ ಕುಗ್ಗುತ್ತದೆ. ಜರಡಿ ಹಿಡಿದ ಹಿಟ್ಟನ್ನೇ ಮತ್ತೆ ಮತ್ತೆ ಜರಡಿ ಹಿಡಿದಂತಾಯಿತು.

“ಹಾಗಾದರೆ ಇದನ್ನೇ 320 ಮಾಡಲೇ, ತಾತ?” ಎಂದಳು. ನೀರು ಬೆರೆತ ಹಾಲನ್ನು ದೊಡ್ಡ ಪಾತ್ರೆಗೆ ಸುರಿದರೆ ಗಟ್ಟಿಯಾದೀತೇ? ಕಡತ ದೊಡ್ಡದಾಗುತ್ತದೆ, ಹೋದ ಸದ್ದು ಬಾರದು.

ನಾವು ಮಾಡಿದ್ದು ಇಷ್ಟು:

1. ವಿಡಿಯೊ ತೆಗೆದ ಸೋದರಳಿಯನಿಗೆ ಫೋನ್ ಮಾಡಿ, ಮೂಲ ಕಡತವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿದೆವು. ಹಾಗೆ ಕಳಿಸಿದರೆ ಅದು ಕುಗ್ಗುವುದಿಲ್ಲ.

2. ಅದರ ಧ್ವನಿಯನ್ನು ಏನನ್ನೂ ಕಳೆಯದ ‘ವೇವ್’ ಕಡತವಾಗಿ ತೆಗೆದೆವು.

3. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ, ಹಾಡು ಶುರುವಾಗುವ ಮೊದಲು ಬರೀ ಫ್ಯಾನ್ ಸದ್ದಿದ್ದ ತುಣುಕನ್ನು ಮಾದರಿಯಾಗಿ ತೋರಿಸಿ, ಆ ಸದ್ದನ್ನು ತುಸುವೇ ತಗ್ಗಿಸಿದೆವು. ಹೆಚ್ಚು ತಗ್ಗಿಸಿದರೆ ದನಿಯೇ ತಗಡಿನಂತಾಗುತ್ತದೆ.

4. ಕೊನೆಗೆ ಒಂದೇ ಸಲ, 192 ಕೆಬಿಪಿಎಸ್‌ನಲ್ಲಿ ಎಂಪಿ3 ಮಾಡಿದೆವು. ನಿಮ್ಮ ಸಾಧನ ‘ಎಂ4ಎ’ ಕಡತ ನುಡಿಸುವುದಾದರೆ ಎಂಪಿ3 ಗೊಡವೆಯೇ ಬೇಡ. ಸಾಮಾನ್ಯವಾಗಿ ಮೊಬೈಲ್ ವಿಡಿಯೊದ ಧ್ವನಿಯನ್ನು ಮತ್ತೆ ಕುಗ್ಗಿಸದೆ ಹಾಗೆಯೇ ಎಂ4ಎ ಆಗಿ ಬೇರ್ಪಡಿಸಬಹುದು.

ಮದುವೆ ಮನೆಯ ಗದ್ದಲ ಪೂರ್ತಿ ಹೋಗಲಿಲ್ಲ. ಫೋನ್ ದೂರದಲ್ಲಿತ್ತು, ಅದಕ್ಕೆ ಕೇಳಿಸದ್ದನ್ನು ನಾವು ತರಲಾರೆವು. ಆದರೂ ಈ ಸಲ ಹಾಡಿನ ಜೊತೆ ಅಕ್ಕನ ಬಳೆಯ ಸದ್ದೂ ಕೇಳಿತು. ಭಾವ ರೇಡಿಯೊ ಕಿವಿಯ ಹತ್ತಿರ ಹಿಡಿದು, “ಹೂಂ, ಇದು ಅವಳೇ” ಎಂದರು.

ಈ ವಾರದ ಕೆಲಸ: ಅಜ್ಜ ಅಜ್ಜಿಯರೇ, ನಿಮಗೆ ಬರುವ ಒಂದು ಹಾಡನ್ನೋ ಕತೆಯನ್ನೋ ಮೊಮ್ಮಕ್ಕಳ ಎದುರು ಹೇಳಿ. ಮಕ್ಕಳೇ, ಫ್ಯಾನ್ ಆರಿಸಿ, ಫೋನನ್ನು ಹತ್ತಿರ ಹಿಡಿದು ದಾಖಲಿಸಿ. ಮೂಲ ಕಡತವನ್ನು ಎರಡು ಕಡೆ ಜೋಪಾನವಾಗಿಡಿ.